ಬಿಎಸ್ಸಿ ಬಿಟ್ಟು ಬಿಕಾಂ ಸೇರಿದರೆ ತಂಗಿಯ ಸ್ಕಾಲರ್‌ಶಿಪ್ ನಿಲ್ಲುತ್ತದೆಯೇ? ಸೋಮವಾರದೊಳಗೆ ತಿಳಿಯಬೇಕು

ರೋಣದ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ರೋಣ ತಾಲ್ಲೂಕಿನವಳು, ಹುಬ್ಬಳ್ಳಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ತಂಗಿ ಗದಗದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಮೊದಲ ವರ್ಷದ ಎರಡೂ ಸೆಮಿಸ್ಟರ್‌ಗಳಲ್ಲಿ ಗಣಿತ ಉಳಿದಿದೆ, ಎರಡನೆಯದರಲ್ಲಿ ಭೌತಶಾಸ್ತ್ರವೂ ಉಳಿದಿದೆ. ಫಲಿತಾಂಶ ಬಂದ ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಬಿಎಸ್ಸಿ ಬಿಟ್ಟು ಬೇರೆ ಕಾಲೇಜಿನಲ್ಲಿ ಬಿಕಾಂ ಮೊದಲ ವರ್ಷಕ್ಕೆ ಸೇರುತ್ತೇನೆ ಎನ್ನುತ್ತಾಳೆ. ಒಮ್ಮೊಮ್ಮೆ ನರ್ಸಿಂಗ್ ಎನ್ನುತ್ತಾಳೆ.

ನಾವು ಪರಿಶಿಷ್ಟ ಜಾತಿಯವರು. ಅಪ್ಪನಿಗೆ ಎರಡು ಎಕರೆ ಮಳೆ ಆಶ್ರಯದ ಹೊಲ, ಹೆಸರು ಮತ್ತು ಜೋಳ ಬಿಟ್ಟರೆ ಬೇರೆ ಬೆಳೆ ಇಲ್ಲ. ಕಳೆದ ವರ್ಷ ಅವಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬಂದಿತ್ತು. ಅದು ಇಲ್ಲದಿದ್ದರೆ ಅವಳು ಗದಗಕ್ಕೆ ಹೋಗುತ್ತಲೇ ಇರಲಿಲ್ಲ. ಕೋರ್ಸ್ ಬದಲಿಸಿದರೆ ಈ ಹಣ ಮತ್ತೆ ಬರುತ್ತದೆಯೇ? ಟಿಸಿಗೆ ಅರ್ಜಿ ಕೊಟ್ಟಾಗಿದೆ, ಸೋಮವಾರ ಬಂದು ತೆಗೆದುಕೊಳ್ಳಿ ಎಂದಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಬೆಟಗೇರಿ ಆನ್‌ಲೈನ್ ಸೆಂಟರ್

ಅಕ್ಕಾ, ಉಳಿದದ್ದನ್ನು ಆಮೇಲೆ ಮಾತನಾಡೋಣ. ಸೋಮವಾರ ಟಿಸಿ ತೆಗೆದುಕೊಳ್ಳಬೇಡಿ. ಅರ್ಜಿ ಕೊಟ್ಟ ಮಾತ್ರಕ್ಕೆ ಏನೂ ಆಗಿಲ್ಲ, ಟಿಸಿ ಕೈಗೆ ಬಂದ ಮೇಲೆ ಅವಳು ಯಾವ ಕಾಲೇಜಿನ ವಿದ್ಯಾರ್ಥಿನಿಯೂ ಆಗಿರುವುದಿಲ್ಲ.

ನಾನು ಪ್ರತಿ ವರ್ಷ ನೂರಾರು ಮಕ್ಕಳ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ಹಾಕುತ್ತೇನೆ. ಆಧಾರ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ, ಈ ಮೂರು ಕೂಡಿದರೆ ಮಾತ್ರ ಅರ್ಜಿ ಮುಂದೆ ಸಾಗುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಬಂದಿದ್ದ. ಒಂದು ಕಾಲೇಜಿನಲ್ಲಿ ಬಿಎ ಸೇರಿ, ಎರಡು ತಿಂಗಳಾದ ಮೇಲೆ ಯಾರಿಗೂ ಹೇಳದೆ ಇನ್ನೊಂದು ಕಾಲೇಜಿನಲ್ಲಿ ಬಿಕಾಂ ಸೇರಿದ್ದ. ವಿಶ್ವವಿದ್ಯಾಲಯ, ಕಾಲೇಜುಗಳ ಪ್ರವೇಶ ದಾಖಲಾಗುವ ಯುಯುಸಿಎಂಎಸ್ ಜಾಲತಾಣದಲ್ಲಿ ಹಳೆಯ ಪ್ರವೇಶ ರದ್ದಾಗಿರಲಿಲ್ಲ. ಒಂದೇ ಆಧಾರ್, ಎರಡು ಕಾಲೇಜು. ಹಳೆಯ ಕಾಲೇಜಿಗೆ ನಾಲ್ಕು ಸಲ ಅಲೆದ. ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿಹೋಯಿತು. ಓಟಿಪಿ ಬರುವ ಮೊಬೈಲ್ ಅವನ ಅಪ್ಪನ ಹತ್ತಿರ ಹೊಲದಲ್ಲಿ ಇರುತ್ತಿತ್ತು, ಅದಕ್ಕಾಗಿ ಎರಡು ದಿನ ಬೇರೆ ಕಳೆದವು. ನನ್ನ ಅಂಗಡಿಯ ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತಿದ್ದ ರೀತಿ ನನಗೆ ಇನ್ನೂ ನೆನಪಿದೆ.

ನಿಯಮದ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ಧಾರವಾಡದ ಸರ್, ದಯವಿಟ್ಟು ನೋಡಿ.

ಅತಿಥಿ ಉಪನ್ಯಾಸಕ, ಧಾರವಾಡ

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ವಿಷಯ ಉಳಿದಿದ್ದರೂ ನಿಮ್ಮ ತಂಗಿಗೆ ಮೂರನೆಯ ಸೆಮಿಸ್ಟರ್‌ಗೆ ಪ್ರವೇಶ ಸಿಗುತ್ತದೆಯೇ? ಇದನ್ನು ಕಾಲೇಜಿನಲ್ಲಿ ಕೇಳಿದ್ದೀರಾ?

ಏಕೆ ಕೇಳುತ್ತೇನೆಂದರೆ, ವಿಷಯ ಉಳಿದರೆ ಸ್ಕಾಲರ್‌ಶಿಪ್ ಹೋಯಿತು ಎಂದು ನಮ್ಮ ಮಕ್ಕಳು ತಾವೇ ತೀರ್ಮಾನಿಸಿಬಿಡುತ್ತಾರೆ. ನಾನು ನಮ್ಮ ಕಾಲೇಜಿನಲ್ಲಿ ನಾಲ್ಕು ವರ್ಷ ಇ-ದೃಢೀಕರಣದ, ಎಂದರೆ ಅರ್ಜಿಯ ಕಾಗದಗಳನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಿ ಒಪ್ಪುವ, ಕೆಲಸಕ್ಕೆ ನೆರವಾಗಿದ್ದೇನೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೇಂದ್ರ ಪುರಸ್ಕೃತ ಯೋಜನೆ, ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ನವೀಕರಣದ ವಿಷಯದಲ್ಲಿ ಅದರ ಮಾರ್ಗಸೂಚಿಯ ತಿರುಳು ಇಷ್ಟು: ಕೋರ್ಸ್ ಹಲವು ವರ್ಷದ್ದಾಗಿದ್ದರೆ, ವಿದ್ಯಾರ್ಥಿ ಮುಂದಿನ ತರಗತಿಗೆ ಹೋಗಬೇಕು, ಹಾಜರಿ ಮತ್ತು ನಡತೆ ಸರಿಯಾಗಿರಬೇಕು. ಎಲ್ಲ ವಿಷಯಗಳಲ್ಲಿ ಒಂದೇ ಸಲ ಪಾಸಾಗಬೇಕು ಎಂದು ಅದು ಕೇಳುವುದಿಲ್ಲ. ಹಳೆಯ ವಿಷಯವನ್ನು ಬೆನ್ನಿಗೆ ಕಟ್ಟಿಕೊಂಡು ಎರಡನೆಯ ವರ್ಷಕ್ಕೆ ಹೋದ ಎಷ್ಟೋ ಮಕ್ಕಳ ಅರ್ಜಿಯನ್ನು ನಾನೇ ಪರಿಶೀಲಿಸಿದ್ದೇನೆ.

ಕೋರ್ಸ್ ಬಿಡುವ ಮಾತು ಬೇರೆ. ಪೂರ್ವಾನುಮತಿ ಇಲ್ಲದೆ ವಿಷಯವನ್ನಾಗಲಿ ಸಂಸ್ಥೆಯನ್ನಾಗಲಿ ಬದಲಿಸಿದರೆ ವಿದ್ಯಾರ್ಥಿವೇತನ ರದ್ದು ಮಾಡುವ ಅಧಿಕಾರ ಸರ್ಕಾರಕ್ಕೆ ಇದೆ. ನಿಮ್ಮ ತಂಗಿ ಈಗ ಮಾಡಹೊರಟಿರುವುದು ಎರಡನ್ನೂ ಒಟ್ಟಿಗೆ.

ಒಂದು ಪದವಿಯನ್ನು ಪೂರ್ತಿ ಪಾಸಾದ ಮೇಲೆ ಅದೇ ಹಂತದ ಇನ್ನೊಂದಕ್ಕೆ ಸೇರಿದರೆ ಆ ದಾರಿ ಪೂರಾ ಮುಚ್ಚಿದೆ. ಬಿಎ ಆದ ಮೇಲೆ ಬಿಕಾಂ, ಒಂದು ವಿಷಯದಲ್ಲಿ ಎಂಎ ಆದ ಮೇಲೆ ಇನ್ನೊಂದರಲ್ಲಿ ಎಂಎ, ಇವಕ್ಕೆ ಹಣ ಇಲ್ಲ. ನಿಮ್ಮ ತಂಗಿ ಪದವಿ ಮುಗಿಸಿಲ್ಲವಾದ್ದರಿಂದ ಈ ನಿಯಮ ಅವಳಿಗೆ ತಟ್ಟುವುದಿಲ್ಲ. ನಿಜವಾಗಿಯೂ ಬದಲಿಸುವುದೇ ಆದರೆ ಮೊದಲು ಕಾಲೇಜಿನ ಮೂಲಕ ಸಮಾಜ ಕಲ್ಯಾಣ ಇಲಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಟಿಸಿ ಅದಾದ ಮೇಲೆ.

ಇನ್ನೊಂದು ಮಾತು. ಬಿಕಾಂ ಸೇರಿದರೆ ಹೆಚ್ಚು ಹಣ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. 2021ರ ಮಾರ್ಗಸೂಚಿಯಲ್ಲಿ ಕೋರ್ಸ್‌ಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ಬಿಎ, ಬಿಎಸ್ಸಿ, ಬಿಕಾಂ ಮೂರೂ ಮೂರನೆಯ ಗುಂಪಿನಲ್ಲಿವೆ. ಶುಲ್ಕದ ಹೊರತಾಗಿ ವರ್ಷಕ್ಕೆ ಸಿಗುವ ಭತ್ಯೆ ಹಾಸ್ಟೆಲ್‌ನಲ್ಲಿರುವವರಿಗೆ 6,000 ರೂಪಾಯಿ, ಮನೆಯಿಂದ ಓಡಾಡುವವರಿಗೆ 3,000 ರೂಪಾಯಿ.

ರೋಣದ ಅಕ್ಕ

ಸರ್, ನಿಮ್ಮ ಮಾತು ಓದಿ ಕೈ ನಡುಗಿತು. ಮೂರನೆಯ ಸೆಮಿಸ್ಟರ್ ಪ್ರವೇಶದ ಬಗ್ಗೆ ನಾವು ಕೇಳಿಯೇ ಇಲ್ಲ. ವಿಷಯ ಉಳಿದರೆ ವರ್ಷವೇ ಹೋಯಿತು ಎಂದು ತಂಗಿ ಹೇಳಿದಳು, ನಾನೂ ಹಾಗೆಯೇ ತಿಳಿದೆ. ನಾನು ಪಿಯುಸಿಗೇ ನಿಲ್ಲಿಸಿದವಳು, ಸೆಮಿಸ್ಟರ್ ಪದ್ಧತಿ ನನಗೆ ಗೊತ್ತಿಲ್ಲ. ನಾಳೆ ಬೆಳಿಗ್ಗೆಯೇ ಗದಗಕ್ಕೆ ಹೋಗುತ್ತೇನೆ.

ನರ್ಸಿಂಗ್ ಸೇರಿದರೂ ಇದೇ ನಿಯಮವೇ?

ಅತಿಥಿ ಉಪನ್ಯಾಸಕ, ಧಾರವಾಡ

ಅನುಮತಿ ಅದಕ್ಕೂ ಬೇಕು. ಆದರೆ ನರ್ಸಿಂಗ್ ವೃತ್ತಿಪರ ಕೋರ್ಸ್, ಬೇರೆ ಗುಂಪು, ಭತ್ಯೆಯೂ ಬೇರೆ. ಅದರಲ್ಲಿ ಅವಳಿಗೆ ನಿಜವಾದ ಆಸೆ ಇದ್ದರೆ ಅದು ಯೋಚಿಸುವಂಥ ಮಾತು. ಗಣಿತದ ಭಯಕ್ಕೆ ಓಡಿಹೋಗುವ ದಾರಿಯಾಗಿ ಮಾತ್ರ ಬೇಡ. ಅಲ್ಲಿಯೂ ಅಂಗರಚನಾಶಾಸ್ತ್ರ ಇಂಗ್ಲಿಷ್‌ನಲ್ಲೇ ಇರುತ್ತದೆ.

ಸಪ್ತಾಪುರ ವಾಸಿ

ನನ್ನ ಅನುಭವ ಯಾರಿಗಾದರೂ ಉಪಯೋಗಕ್ಕೆ ಬಂದೀತು. ನಾನು ಶಿರಹಟ್ಟಿ ಕಡೆಯವನು. ಕನ್ನಡ ಎಂಎ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆಯ ಬಾಡಿಗೆ, ಮೆಸ್ಸು, ಕೋಚಿಂಗ್, ಮೂರೂ ಸೇರಿ ಭಾರವಾಗುತ್ತಿತ್ತು. ಗೆಳೆಯರು ಇತಿಹಾಸ ಎಂಎಗೆ ಪ್ರವೇಶ ಮಾಡಿಸು, ಸ್ಕಾಲರ್‌ಶಿಪ್ ಬರುತ್ತದೆ, ಓದಿಕೊಂಡು ಇರಬಹುದು ಎಂದರು. ಮಾಡಿಸಿದೆ. ಅರ್ಜಿ ತಿರಸ್ಕೃತವಾಯಿತು. ಮೇಲೆ ಸರ್ ಹೇಳಿದ ಅದೇ ಕಾರಣ, ಒಂದೇ ಹಂತದ ಎರಡನೆಯ ಪದವಿ.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಯುವನಿಧಿಯೂ ಹೋಯಿತು. ಪದವಿ ಪಾಸಾಗಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆದರೆ ಉನ್ನತ ಶಿಕ್ಷಣಕ್ಕೆ ಸೇರಿದವರಿಗೆ ಅದು ಇಲ್ಲ. ತರಗತಿಗೆ ವಾರಕ್ಕೆ ಎರಡು ದಿನವೂ ಹೋಗದ ಒಂದು ಎಂಎ ಪ್ರವೇಶಕ್ಕಾಗಿ ನಾನು ಎರಡೂ ಕಡೆ ಬಾಗಿಲು ಮುಚ್ಚಿಕೊಂಡೆ, ಕಟ್ಟಿದ ಪ್ರವೇಶ ಶುಲ್ಕವೂ ಹಿಂದೆ ಬರಲಿಲ್ಲ. ಊರಿನಲ್ಲಿ ಅವ್ವ ಮಜೂರಿಗೆ ಹೋಗಿ ಕಳಿಸಿದ ಹಣ ಅದು. ಸಪ್ತಾಪುರದಲ್ಲಿ ಇವತ್ತೂ ಇದೇ ಸಲಹೆಯನ್ನು ಹುಡುಗರು ಒಬ್ಬರಿಗೊಬ್ಬರು ಕೊಡುತ್ತಿದ್ದಾರೆ. ದಯವಿಟ್ಟು ಕೊಡಬೇಡಿ.

ಬ್ಯಾಡಗಿ ರೈತ

ರೋಣದ ತಂಗೀ, ನಮ್ಮ ಮನೆಯದು ರೈತ ವಿದ್ಯಾನಿಧಿಯ ಕತೆ. ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ, 2021ರಲ್ಲಿ ಬಂದ ಯೋಜನೆ. ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಕಾನೂನು, ನರ್ಸಿಂಗ್‌ಗೆ 7,500 ಮತ್ತು 8,000. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ನನ್ನ ದೊಡ್ಡ ಮಗ ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷದ ಬಿಇಗೆ ಸೇರಿದ. ಹಂತ ಮೇಲೇರಿತು, ಹಣವೂ ಮೇಲೇರಿತು. ಚಿಕ್ಕವನು ಬಿಎಯಲ್ಲಿ ವರ್ಷ ಕಳೆದುಕೊಂಡು ಅದೇ ತರಗತಿಗೆ ಮತ್ತೆ ಕೂತ. ಅವನಿಗೆ ಆ ವರ್ಷ ಬರಲಿಲ್ಲ. ಒಂದೇ ತರಗತಿಗೆ ಎರಡು ಸಲ ಕೊಡುವುದಿಲ್ಲ ಎಂದರು, ಅದು ನ್ಯಾಯವೇ.

ಅವನು ವರ್ಷ ಕಳೆದುಕೊಂಡದ್ದು ದಡ್ಡತನದಿಂದ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಕಡೆ ಜನವರಿ, ಫೆಬ್ರವರಿ ಎಂದರೆ ಮೆಣಸಿನಕಾಯಿ ಬಿಡಿಸುವ ಕಾಲ. ಆಳು ಸಿಗುವುದಿಲ್ಲ. ಬಿಡಿಸಿದ್ದನ್ನು ಕಣದಲ್ಲಿ ಹರವಿ, ಸಂಜೆ ಗುಡ್ಡೆ ಹಾಕಿ, ಬೆಳಿಗ್ಗೆ ಮತ್ತೆ ಹರವಬೇಕು, ರಾತ್ರಿ ಕಾಯಬೇಕು. ನಾನೇ ಅವನನ್ನು ಹದಿನೈದು ದಿನ, ಇಪ್ಪತ್ತು ದಿನ ಎಂದು ಮನೆಯಲ್ಲಿ ನಿಲ್ಲಿಸಿಕೊಂಡೆ. ಹಾಜರಿ ಶೇ 75ಕ್ಕಿಂತ ಕೆಳಗೆ ಹೋಯಿತು, ಪರೀಕ್ಷೆಗೆ ಕೂರಿಸಲಿಲ್ಲ. ಆ ಕೂಲಿ ಉಳಿಸಿದ್ದರಲ್ಲಿ ನನಗೆ ಸಿಕ್ಕ ಲಾಭ ಅವನು ಕಳೆದುಕೊಂಡ ವರ್ಷಕ್ಕೆ ಸಾಟಿಯೇ ಅಲ್ಲ. ಹೊಲ ಇದ್ದವರು ಈ ತಪ್ಪು ಮಾಡಬೇಡಿ.

ಹಾವೇರಿ ಹುಡುಗಿ

ಅಣ್ಣಾ, ಹಾಜರಿಯ ಮಾತು ವಿದ್ಯಾಸಿರಿಗೂ ಅನ್ವಯಿಸುತ್ತದೆ. ಹಿಂದುಳಿದ ವರ್ಗದವರಿಗೆ ಊಟ ವಸತಿಗೆಂದು ಕೊಡುವ ಹಣ ಅದು, ನಾನು ಓದುವಾಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000 ಇತ್ತು. ಸರ್ಕಾರಿ ಹಾಸ್ಟೆಲ್‌ನಲ್ಲಿ ಇರುವವರಿಗೆ ಸಿಗುವುದಿಲ್ಲ. ನಾನು ಹಾವೇರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು, ಆಮೇಲೆ ಹುಬ್ಬಳ್ಳಿಯ ಕಾಲೇಜಿಗೆ ಬಂದೆ. ಹಳೆಯ ಹಾಸ್ಟೆಲ್‌ನ ದಾಖಲೆಯಲ್ಲಿ ನನ್ನ ಹೆಸರು ಹಾಗೆಯೇ ಉಳಿದಿತ್ತು. ಹುಬ್ಬಳ್ಳಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದರೂ ದಾಖಲೆಯ ಪ್ರಕಾರ ನಾನು ಹಾಸ್ಟೆಲ್ ವಿದ್ಯಾರ್ಥಿನಿ. ವಾರ್ಡನ್ ಅವರಿಂದ ಬಿಡುಗಡೆ ಪತ್ರ ತಂದು ಕೊಟ್ಟ ಮೇಲೆ ಸರಿಹೋಯಿತು. ಕಾಲೇಜು ಬದಲಿಸುವವರು ಟಿಸಿಯ ಜೊತೆಗೆ ಹಾಸ್ಟೆಲ್‌ನ ಪತ್ರವನ್ನೂ ಮರೆಯದೆ ತೆಗೆದುಕೊಳ್ಳಿ.

ವಿದ್ಯಾನಗರದ ತಾಯಿ

ಎಲ್ಲರೂ ಹಣದ ಲೆಕ್ಕವನ್ನೇ ಹೇಳುತ್ತಿದ್ದೀರಿ. ಆ ಹುಡುಗಿ ಊಟ ಬಿಟ್ಟಿದ್ದಾಳೆ ಎಂದು ಮೊದಲ ಸಾಲುಗಳಲ್ಲಿಯೇ ಇದೆ. ನನ್ನ ಮಗನಿಗೆ ಎಂಜಿನಿಯರಿಂಗ್ ಬೇಡವಾಗಿತ್ತು. ಶುಲ್ಕ ಕಟ್ಟಿಯಾಗಿದೆ, ಸೀಟು ಹೋಗುತ್ತದೆ ಎಂದು ಎರಡು ವರ್ಷ ತಳ್ಳಿದೆವು. ಅವನು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಕೊನೆಗೆ ಬಿಡಿಸಿ ಬಿಎಗೆ ಸೇರಿಸಿದೆವು, ಈಗ ಶಿಕ್ಷಕನಾಗಿದ್ದಾನೆ. ಆರು ಸಾವಿರ ರೂಪಾಯಿ ಉಳಿಸಲು ಹೋಗಿ ಮಗುವನ್ನು ಕಟ್ಟಿಹಾಕಬೇಡಿ.

ಅತಿಥಿ ಉಪನ್ಯಾಸಕ, ಧಾರವಾಡ

ಅಕ್ಕನವರೇ, ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಅವಳಿಗೆ ವಿಜ್ಞಾನ ನಿಜವಾಗಿಯೂ ಬೇಡವಾಗಿದ್ದರೆ ಬಿಡಲಿ, ದಾರಿ ಇದೆ ಎಂದೇ ಮೇಲೆ ಬರೆದೆ. ಆದರೆ ನಿಮ್ಮ ಮನೆಯಲ್ಲಿ ಸ್ಕಾಲರ್‌ಶಿಪ್ ಇಲ್ಲದೆಯೂ ಎರಡನೆಯ ಸಲ ಕಾಲೇಜಿಗೆ ಸೇರಿಸುವ ಶಕ್ತಿ ಇತ್ತು. ಎರಡು ಎಕರೆ ಒಣ ಹೊಲದ ಮನೆಯಲ್ಲಿ ಅದು ನಿಂತರೆ ಓದೇ ನಿಲ್ಲುತ್ತದೆ, ಮುಂದಿನ ವರ್ಷ ಮದುವೆಯ ಮಾತು ಬರುತ್ತದೆ. ಆ ಹಣ ಅವಳನ್ನು ಊರಿನಿಂದ ಹೊರಗೆ ಇಟ್ಟಿದೆ. ನಾನು ಇಂಥ ಹುಡುಗಿಯರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಿದ್ಯಾನಗರದ ತಾಯಿ

ಇದು ನನಗೆ ಹೊಳೆದಿರಲಿಲ್ಲ ಸರ್. ನೀವು ಹೇಳುವುದು ಸರಿ. ರೋಣದ ಅಕ್ಕ, ಯಾರೂ ಎದುರಿಗಿಲ್ಲದಾಗ ಅವಳನ್ನು ಒಮ್ಮೆ ಕೇಳಿ, ಬೇಡವಾಗಿರುವುದು ಏನು ಎಂದು.

ಧಾರವಾಡದಿಂದ ದೂರ

ನಾನು ಓದಿದ್ದು ಕರ್ನಾಟಕ ಕಾಲೇಜಿನಲ್ಲಿ, ಈಗ ಇರುವುದು ಅಮೆರಿಕದಲ್ಲಿ. ಮಗಳು ಇಲ್ಲಿಯ ಪ್ರಜೆ, ಕಾಲೇಜಿನಲ್ಲಿದ್ದಾಳೆ. ಇಲ್ಲಿ ಒಂದು ಸೆಮಿಸ್ಟರ್‌ಗೆ 12 ಕ್ರೆಡಿಟ್ ತೆಗೆದುಕೊಂಡರೆ ಪೂರ್ಣಾವಧಿ ವಿದ್ಯಾರ್ಥಿ. 2024–25ರಿಂದ ಪೆಲ್ ಅನುದಾನವನ್ನು (ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಇಲ್ಲಿಯ ಸರ್ಕಾರ ಕೊಡುವ ನೆರವು) ತೆಗೆದುಕೊಂಡ ಕ್ರೆಡಿಟ್‌ಗೆ ತಕ್ಕ ಪ್ರಮಾಣದಲ್ಲಿ ಕೊಡುತ್ತಾರೆ. 9 ಕ್ರೆಡಿಟ್ ಇದ್ದರೆ ಮುಕ್ಕಾಲು ಪಾಲು. 6ಕ್ಕಿಂತ ಕಡಿಮೆಯಾದರೆ ಸರ್ಕಾರದ ಶಿಕ್ಷಣ ಸಾಲ ಸಿಗುವುದಿಲ್ಲ. ಪದವಿಗೆ ಲೆಕ್ಕಕ್ಕೆ ಬಾರದ ವಿಷಯವನ್ನು ಆಸಕ್ತಿಯಿಂದ ತೆಗೆದುಕೊಂಡರೆ ಅದನ್ನು ಎಣಿಸುವುದಿಲ್ಲ. ಮಗಳು ಕಷ್ಟದ ಒಂದು ವಿಷಯವನ್ನು ಮಧ್ಯದಲ್ಲಿ ಬಿಡುತ್ತೇನೆ ಎಂದಾಗ ನಾವು ಮೊದಲು ಹೋದದ್ದು ಹಣಕಾಸು ನೆರವಿನ ಕಚೇರಿಗೆ, ಆಮೇಲೆ ಪ್ರಾಧ್ಯಾಪಕರ ಬಳಿ. ವೀಸಾದ ಮೇಲೆ ಇಲ್ಲಿಗೆ ಬರುವ ನಮ್ಮ ಊರಿನ ಮಕ್ಕಳಿಗೆ ಈ ಸರ್ಕಾರಿ ನೆರವು ಇಲ್ಲ, ಅದನ್ನು ನಂಬಿ ಯಾರೂ ಹೊರಡಬೇಡಿ.

ಇಲ್ಲಿಯ ಕಾಲೇಜಿನಲ್ಲಿ ಇದನ್ನು ಹೇಳಲೆಂದೇ ಒಂದು ಕಚೇರಿ ಇದೆ. ನಮ್ಮಲ್ಲಿ ಆ ಕೆಲಸವನ್ನು ಬೆಟಗೇರಿಯ ಆನ್‌ಲೈನ್ ಸೆಂಟರಿನ ತಮ್ಮ ಮಾಡುತ್ತಿದ್ದಾನೆ. ಅವನಿಗೆ ನನ್ನ ನಮಸ್ಕಾರ.

ನವನಗರ ವಕೀಲೆ

ಚಿಕ್ಕ ಸೇರ್ಪಡೆ. ಬಿಎಡ್ ಮುಗಿಸಿ ಎಲ್‌ಎಲ್‌ಬಿ ಸೇರಿದಾಗ ನನಗೂ ಬರಲಿಲ್ಲ. ಒಂದು ವೃತ್ತಿಪರ ಕೋರ್ಸ್ ಮುಗಿಸಿದವರು ಇನ್ನೊಂದಕ್ಕೆ ಸೇರಿದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಲ್ಲ. ಎರಡೂ ಮಾಡುವ ಆಸೆ ಇದ್ದರೆ ಶುಲ್ಕ ಹೆಚ್ಚಿರುವುದನ್ನು ಮೊದಲು ಮಾಡಿ.

ಗದಗ ಬಿಕಾಂ ವಿದ್ಯಾರ್ಥಿ

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರಿಗೆ ಕೇಂದ್ರದ 12,000 ರೂಪಾಯಿಯ ಸ್ಕಾಲರ್‌ಶಿಪ್ ಇದೆಯಲ್ಲ, ಅದನ್ನೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಸರ್?

ಅತಿಥಿ ಉಪನ್ಯಾಸಕ, ಧಾರವಾಡ

ಇಲ್ಲ ತಮ್ಮಾ, ಒಂದನ್ನೇ ಆರಿಸಬೇಕು. ಕೇಂದ್ರದ ಆ ಯೋಜನೆಯಲ್ಲಿ ಆದಾಯದ ಮಿತಿ 4.5 ಲಕ್ಷ. ಆದರೆ ನವೀಕರಣಕ್ಕೆ ಪ್ರತಿ ವರ್ಷ ಶೇ 50 ಅಂಕ ಮತ್ತು ಶೇ 75 ಹಾಜರಿ ಬೇಕು, ದೂರಶಿಕ್ಷಣದವರಿಗೆ ಇಲ್ಲ. ನಿನ್ನ ಕಾಲೇಜಿನ ಶುಲ್ಕ ಎಷ್ಟು ಎಂದು ನೋಡಿಕೊಂಡು ನಿರ್ಧರಿಸು.

ರೋಣದ ಅಕ್ಕ

ಹೋಗಿ ಬಂದೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಕಚೇರಿಯಲ್ಲಿ ಟಿಸಿ ಬರೆದಿಟ್ಟಿದ್ದರು. ಪ್ರಾಚಾರ್ಯರ ಸಹಿ ಮಾತ್ರ ಬಾಕಿ ಇತ್ತು. ಬಿಡಲು ಕಾರಣ ಎಂಬ ಕಡೆ ‘ಸ್ವಇಚ್ಛೆ’ ಎಂದು ನೀಲಿ ಶಾಯಿಯಲ್ಲಿ ಇತ್ತು, ತಂಗಿ ಅದನ್ನೇ ನೋಡುತ್ತ ನಿಂತಳು. ಮೂರನೆಯ ಸೆಮಿಸ್ಟರ್‌ಗೆ ಪ್ರವೇಶ ಸಿಗುತ್ತದೆಯೇ ಎಂದು ನಾನು ಕೇಳಿದೆ. ಸಿಗುತ್ತದೆ, ಉಳಿದ ವಿಷಯಗಳನ್ನು ಮುಂದಿನ ಪರೀಕ್ಷೆಗಳಲ್ಲಿ ಬರೆಯಬಹುದು ಎಂದರು. ನಮಗೆ ಇದನ್ನು ಏಕೆ ಹೇಳಲಿಲ್ಲ ಎಂದಿದ್ದಕ್ಕೆ, ನೀವು ಕೇಳಲಿಲ್ಲವಲ್ಲ ಎಂದರು. ನಿಜ, ನಾವು ಕೇಳಿರಲಿಲ್ಲ. ಆದರೆ ಹದಿನೆಂಟು ವರ್ಷದ ಹುಡುಗಿ ಅಳುತ್ತ ಟಿಸಿ ಕೇಳಿದಾಗ ಏನಾಯಿತಮ್ಮ ಎಂದು ಒಂದು ಮಾತು ಕೇಳಬಹುದಿತ್ತು. ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಕೂತು, ವಿದ್ಯಾನಗರದ ತಾಯಿ ಹೇಳಿದಂತೆ ಅವಳನ್ನು ಕೇಳಿದೆ. ರಸಾಯನಶಾಸ್ತ್ರ ಇಷ್ಟವಂತೆ. ಪ್ರಯೋಗಾಲಯದ ಪುಸ್ತಕ ತೋರಿಸಿದಳು, ಎಷ್ಟು ಅಂದವಾಗಿ ಬರೆದಿದ್ದಾಳೆ! ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಗಣಿತದ ತರಗತಿಯಲ್ಲಿ ಲೆಕ್ಕ ತಿಳಿಯುವ ಮೊದಲೇ ಹಲಗೆ ಒರೆಸುತ್ತಾರೆ, ಕೇಳಲು ನಾಚಿಕೆ ಎಂದಳು. ಬಿಕಾಂ ಹುಚ್ಚು ಅವಳದ್ದಲ್ಲ, ಗೆಳತಿ ಅಲ್ಲಿದ್ದಾಳೆ ಎಂಬ ಧೈರ್ಯಕ್ಕೆ ಹಾಗೆ ಹೇಳಿದ್ದಳು. ಟಿಸಿ ಅರ್ಜಿ ಹಿಂದಕ್ಕೆ ಪಡೆದೆವು. ಮೂರನೆಯ ಸೆಮಿಸ್ಟರ್ ಪ್ರವೇಶ ಮಾಡಿಸಿ ಬಂದಿದ್ದೇನೆ.

ಈಗ ಇನ್ನೊಂದು ಸಹಾಯ ಬೇಕು. ಮೊದಲ ವರ್ಷದ ಗಣಿತವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಗದಗದಲ್ಲಿ ಯಾರಾದರೂ ಇದ್ದಾರೆಯೇ? ಭಾನುವಾರ ಮಾತ್ರ ಸಾಕು.

ಬೆಟಗೇರಿ ಆನ್‌ಲೈನ್ ಸೆಂಟರ್

ಅಕ್ಕಾ, ನನ್ನ ಹೆಂಡತಿ ಗಣಿತದಲ್ಲಿ ಎಂಎಸ್ಸಿ ಮಾಡಿದ್ದಾಳೆ. ಭಾನುವಾರ ಹತ್ತು ಗಂಟೆಗೆ ಅಂಗಡಿಗೆ ಕಳಿಸಿ, ಬಾಗಿಲು ಅರ್ಧ ಹಾಕಿದ್ದರೂ ನಾವು ಒಳಗೇ ಇರುತ್ತೇವೆ. ಬರುವಾಗ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತರಲಿ, ಖಾತೆಗೆ ಆಧಾರ್ ಜೋಡಣೆ ಸರಿಯಾಗಿದೆಯೇ ಎಂದು ನೋಡಿ ನವೀಕರಣದ ಅರ್ಜಿಯನ್ನೂ ಅದೇ ದಿನ ಹಾಕಿಬಿಡೋಣ. ಓಟಿಪಿ ಬರುವ ಮೊಬೈಲ್ ಮರೆಯಬೇಡಿ.